ತಡಿಯಂಡಮೋಳ್

ಕೊಡಗಿನ ಅತ್ಯುನ್ನತ ಶಿಖರ. ಎತ್ತರ ಸಮುದ್ರಮಟ್ಟದಿಂದ 1,748 ಮೀಟರು. ಪಶ್ಚಿಮಘಟ್ಟದಲ್ಲಿ, ಕೇರಳದ ಗಡಿಗೆ ಸನಿಹದಲ್ಲಿ ನಿಂತಿರುವ ಈ ಪರ್ವತವನ್ನೇರುವವರು ಕಕ್ಕಬೆ ಗ್ರಾಮದಿಂದಲೇ ಹೊರಡುವುದು ವಾಡಿಕೆ.

ಕಾಫಿ, ಏಲಕ್ಕಿ ತೋಟಗಳ ನಡುವೆ ಸಾಗುವ ದಾರಿ ಮೊದಲು ಮುಟ್ಟುವುದು ದೊಡ್ಡವೀರರಾಜೇಂದ್ರನು 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯನ್ನು. ಹೆಸರಿಗೆ ಅರಮನೆಯಾದರೂ ಅದು ಹೆಂಚು ಹೊದಿಸಿದ, ಎರಡಂತಸ್ತಿನ, ಆಡಂಬರವಿಲ್ಲದ ಮನೆ. 1834ರಲ್ಲಿ ಆಂಗ್ಲಸೈನ್ಯವು ಕೊಡಗನ್ನು ಹೊಕ್ಕಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಇಲ್ಲಿಗೆ ಸರಿದುದನ್ನು ನೆನೆದರೆ, ಈ ಕಾಡಿನ ದುರ್ಗಮತೆಯನ್ನೇ ರಾಜವಂಶವು ಕೋಟೆಯೆಂದು ಬಗೆದಿತ್ತೆಂದು ತೋರುತ್ತದೆ.

ಅಲ್ಲಿಂದ ಮುಂದೆ ಹುಲ್ಲುಗಾವಲು, ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು, ಮಾರ್ಗಮಧ್ಯದಲ್ಲಿ ಚಾರಣಿಗರೆಲ್ಲರೂ ದಣಿವಾರಿಸಿಕೊಳ್ಳುವ ಒಂದು ಹೆಬ್ಬಂಡೆ. ಕೊಡಗಿನ ಪರ್ವತಸ್ತೋಮದ ಮುಖ್ಯ ಶಿಲೆ ಚಾರ್ನೊಕೈಟ್. ಇದರ ವಯಸ್ಸು ಮುನ್ನೂರು ಕೋಟಿ ವರ್ಷಗಳಿಗೂ ಮಿಗಿಲು. ಇಷ್ಟು ಪುರಾತನವಾದ ಕಲ್ಲಿಗೆ, ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕನೆಂಬ ಈಸ್ಟ್ ಇಂಡಿಯಾ ಕಂಪನಿಯ ವರ್ತಕನ ಗೋರಿಯ ಮೇಲೆ ಹಾಸಿದ ಚಪ್ಪಡಿಯಿಂದಾಗಿ ಅವನ ಹೆಸರು ಅಂಟಿಕೊಂಡುದು ವಿಚಿತ್ರವೇ ಸರಿ. ಮಳೆನೀರು ಶಿಲೆಯ ಸೀಳುಗಳಲ್ಲಿ ಇಳಿದು, ಖನಿಜಗಳನ್ನು ಕೊಳೆಯಿಸಿ ಮಣ್ಣಾಗಿಸುತ್ತದೆ. ಮೂಲೆಗಳು ಮೊದಲು ಸವೆಯುವುದರಿಂದ ಒಳಗಿನ ಗಟ್ಟಿ ತಿರುಳು ದುಂಡಗೆ ಉಳಿಯುತ್ತದೆ. ಇಂಥ ಬಂಡೆಯ ಮೈಯಿಂದ ಈರುಳ್ಳಿಯ ಸಿಪ್ಪೆಯಂತೆ ಏಳುವ ಪದರವನ್ನು ಬೆರಳಿನಲ್ಲಿ ಹಿಸುಕಿದರೆ ಕಂದು ಪುಡಿಯಾಗಿ ಉದುರುತ್ತದೆ.

ಬಂಡೆ ಹೀಗೆ ದುಂಡಾಗುವುದು ಇಲ್ಲಿ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, 1994ರಲ್ಲಿ ರಾಷ್ಟ್ರೀಯ ಉದ್ಯಾನವಾದ ಜೋಶುವಾ ಟ್ರೀ ಮರುಭೂಮಿಯ ಪ್ರಸಿದ್ಧ ಗ್ರಾನೈಟ್ ಗುಂಡುಗಳನ್ನು ಬಿಸಿಲು ಗಾಳಿಗಳ ಕೆತ್ತನೆಯೆಂದೇ ನೋಡುವವರು ಎಣಿಸುತ್ತಾರೆ. ವಸ್ತುತಃ ಅವೂ ತೇವವಿದ್ದ ಹಿಂದಿನ ಯುಗದಲ್ಲಿ, ನೆಲದೊಳಗಣ ನೀರಿನಿಂದಲೇ ದುಂಡಾಗಿ, ಅನಂತರ ಮೇಲಿನ ಮಣ್ಣು ಕೊಚ್ಚಿಹೋಗಲು ಬಯಲಿಗೆ ಬಂದಂಥವು. ಅಲ್ಲಿ ನಿಂತುಹೋದ ಕೆಲಸ ಇಲ್ಲಿ ಪ್ರತಿ ಮುಂಗಾರಿನಲ್ಲೂ ನಡೆಯುತ್ತಿದೆ. ಕಕ್ಕಬೆಯ ಪಾಡಿಯಲ್ಲಿ ನೆಲೆಸಿದ ಇಗ್ಗುತಪ್ಪನನ್ನು ಕೊಡವರು ಮಳೆ-ಬೆಳೆಗಳ ದೈವವೆಂದು ಪೂಜಿಸುವುದು ಭೂವಿಜ್ಞಾನಿಗೂ ಅಸಂಗತವೆನಿಸಲಾರದು.

ಅರಮನೆಯಿಂದ ತುದಿಗೆ ಸುಮಾರು 5 ಕಿಲೋಮೀಟರು. ಕೊನೆಯ ಏರು ಕಡಿದಾದುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಬೇರು ಜಾರುತ್ತದೆ, ಜಿಗಣೆಗಳು ಕಾಲ್ಚೀಲದ ನೇಯ್ಗೆಯ ಸಂದಿನಲ್ಲೂ ನುಸುಳುತ್ತವೆ. ಆದಕಾರಣ ಮಳೆ ತೆರಪಾದ ಮೇಲಿನ ತಿಂಗಳುಗಳೇ ಚಾರಣಕ್ಕೆ ಪ್ರಶಸ್ತ. ಆಕಾಶ ನಿರ್ಮಲವಾಗಿದ್ದರೆ ಪಡುವಣದ ಕಾಡುಗಳಾಚೆ ಅರಬ್ಬೀಸಮುದ್ರವು ಒಂದು ಮಾಸಲು ಗೆರೆಯಾಗಿ ಕಾಣುತ್ತದೆ.