ಮದರಂಗಿ, ವಸ್ಮಾ, ಪಿಪಿಡಿ

ನಮ್ಮ ಮದರಂಗಿ ಹೈದರಾಬಾದಿನ ತೆಲುಗು ಮನೆಗಳಲ್ಲಿ ಗೋರಿಂಟಾಕು, ಉರ್ದು ಮನೆಗಳಲ್ಲಿ ಮೆಹಂದಿ. ಇಲ್ಲಿಗೆ ಬಂದ ಮೇಲೆ ನಾನು ಹೊಸದಾಗಿ ಕಲಿತ ಪದ 'ವಸ್ಮಾ'. ಪಾರಸಿಯ ಮೂಲಕ ಉರ್ದುವಿಗೆ ಬಂದ ಈ ಪದದ ಅರ್ಥ, ಕೂದಲಿಗೆ ಹಚ್ಚುವ ನೀಲಿ ಗಿಡದ ಎಲೆ. ಬರೀ ಮದರಂಗಿ ಹಚ್ಚಿದರೆ ನರೆಗೂದಲು ಕೆಂಪಗಾಗುತ್ತದೆ. ಅದನ್ನು ತೊಳೆದು ನೀಲಿ ಎಲೆಯ ಪುಡಿ ಕಲಸಿ ಹಚ್ಚಿದರೆ ಕಪ್ಪಿಗೆ ತಿರುಗುತ್ತದೆ. ಅರ್ಧ ದಿನದ ಕೆಲಸ, ನೆಲವೆಲ್ಲ ಕಲೆ ಬೇರೆ!

ಆತುರದವರಿಗೆ ದಾರಿ ತೋರಿಸಿದ್ದು ಕಲ್ಲಿದ್ದಲ ಡಾಂಬರು. 1856ರಲ್ಲಿ ಲಂಡನ್ನಿನ 18 ವರ್ಷದ ವಿಲಿಯಂ ಪರ್ಕಿನ್, ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಕೃತಕ ಬಣ್ಣಗಳ ಉದ್ಯಮ ಹುಟ್ಟಿದ್ದೇ ಅಲ್ಲಿಂದ. 1907ರಲ್ಲಿ ಪ್ಯಾರಿಸ್ಸಿನ ಯೂಜೀನ್ ಶೂಲರ್ ಕೂದಲಿಗೆಂದೇ ಬಣ್ಣ ತಯಾರಿಸಿ ಕ್ಷೌರದಂಗಡಿಗಳಿಗೆ ಮಾರಿದ. ಅವನು ಕಟ್ಟಿದ ಕಂಪನಿಯೇ ಇಂದಿನ ಲೋರಿಯಲ್.

ಕಡುಗಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡಯಮೀನ್. 'ಬ್ಲ್ಯಾಕ್ ಮೆಹಂದಿ' ಎಂದು ಮಾರುವ ಪುಡಿಗಳಲ್ಲೂ ಅದು ಇರುವುದುಂಟು. ಮುಂದೆ ಹಸಿರೆಲೆಯ ಚಿತ್ರ, ಹಿಂದೆ ಸಣ್ಣಕ್ಷರದಲ್ಲಿ ಈ ಹೆಸರು. ಅಂಥದೊಂದನ್ನು ಹಚ್ಚಿಕೊಂಡ ನನ್ನ ಅತ್ತಿಗೆಯ ಕಣ್ಣುಗಳು ಮರುದಿನ ತೆರೆಯಲಾಗದಷ್ಟು ಊದಿಕೊಂಡವು. ಚರ್ಮದ ಡಾಕ್ಟರು ಮೊದಲು ಕೇಳಿದ್ದು, "ಪೊಟ್ಟಣ ತಂದಿದ್ದೀರಾ?" ಒಮ್ಮೆ ಪಿಪಿಡಿ ಅಲರ್ಜಿ ಆದವರು ಅದಿರುವ ಯಾವ ಬಣ್ಣವನ್ನೂ ಮತ್ತೆ ಮುಟ್ಟಬಾರದಂತೆ. ಉಳಿದವರೂ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಸವರಿ ನೋಡಬೇಕು. ಎಲೆಯ ಪುಡಿಗೂ ಇದೇ ನಿಯಮ.

ಅತ್ತಿಗೆ ಈಗ ಮದರಂಗಿ, ವಸ್ಮಾ ಎರಡನ್ನೂ ಬೇರೆಬೇರೆಯಾಗಿ ತರಿಸುತ್ತಾರೆ. ತಿಂಗಳಿಗೊಂದು ಭಾನುವಾರ ಅದಕ್ಕೇ ಮೀಸಲು.