ಚಿತ್ತಾರದ ಪೆಟ್ಟಿಗೆ ಮತ್ತು ಶ್ರಾವಕಾಚಾರ

ಶಾಸ್ತ್ರಗ್ರಂಥವನ್ನಿರಿಸಲು, ಮದುವೆಯ ಒಡವೆಗೆ, ಚಿತ್ತಾರದ ಮರದ ಪೆಟ್ಟಿಗೆ ಮಾಡಿಸುವುದು ಕನ್ನಡನಾಡಿನ ಹಳೆಯ ಪದ್ಧತಿ. ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದ ಪೆಟ್ಟಿಗೆಗಳಿಗೆ ಹೆಸರಾದವರು. ಬಳ್ಳಿ, ಹೂ, ದೇವತಾಮೂರ್ತಿಗಳನ್ನು ಸಣ್ಣ ಉಳಿಗಳಿಂದ ಒತ್ತೊತ್ತಾಗಿ ಕೆತ್ತುವರು. ಮೈಸೂರಿನವರ ಬಗೆ ಬೇರೆ. ಕಪ್ಪು ಬೀಟೆಯಲ್ಲಿ ಗುಳಿ ತೋಡಿ, ಬಿಳಿಯ ತುಣುಕು ಕೂರಿಸಿ, ಸಮವಾಗಿ ಉಜ್ಜುವರು. ಆ ಬಿಳುಪು ಬಹುಕಾಲ ಆನೆಯ ದಂತದ್ದಾಗಿತ್ತು.

ಶ್ರಾವಕನಿಗೆ ಪ್ರಶ್ನೆ ಏಳುವುದು ಇಲ್ಲಿಯೇ. ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ಯೋಗಶಾಸ್ತ್ರದಲ್ಲಿ ವಿವರಿಸಿದ 15 ಕರ್ಮಾದಾನಗಳಲ್ಲಿ ವನಕರ್ಮ, ದಂತವಾಣಿಜ್ಯ, ಲಾಕ್ಷಾವಾಣಿಜ್ಯಗಳು ಸೇರಿವೆ. 13ನೆಯ ಶತಮಾನದ ಪಂಡಿತ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಇವುಗಳನ್ನು ಪ್ರಸ್ತಾಪಿಸಿದ್ದಾರೆ. ಒಂದೇ ಪೆಟ್ಟಿಗೆಯಲ್ಲಿ ಮೂರೂ ಕೂಡಿಬರಬಹುದು: ಕಡಿದ ಮರ, ಕೂರಿಸಿದ ದಂತ, ಹೊಳಪಿಗೆ ಬಳಿದ ಅರಗು. ಅರಗು ಕೀಟಜನ್ಯವೆಂಬುದನ್ನು, ಫ್ರೆಂಚ್ ಪಾಲಿಶ್ ಎಂಬುದೂ ಅದರದೇ ಎಂಬುದನ್ನು ನಮ್ಮವರು ಮರೆಯುವುದುಂಟು. ಬಡಗಿಗಳು ಕಾಯಿಸಿ ಬಳಸುತ್ತಿದ್ದ ಹಳೆಯ ಅಂಟು ಚರ್ಮ, ಮೂಳೆಗಳಿಂದ ತೆಗೆದದ್ದು.

ದಂತದ ಮಾತನ್ನು ಕಾನೂನೇ ಮುಗಿಸಿತು. 1989ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಂದಿತು. ವನ್ಯಜೀವಿ ಕಾಯಿದೆಯ 1986 ಮತ್ತು 1991ರ ತಿದ್ದುಪಡಿಗಳು ದೇಶದೊಳಗಿನ ವ್ಯಾಪಾರವನ್ನು ನಿಲ್ಲಿಸಿದವು. ಮೈಸೂರಿನ ಕುಶಲಿಗಳು ಈಗ ಬಣ್ಣಬಣ್ಣದ ಮರದ ಚೂರುಗಳಿಂದಲೇ ಚಿತ್ರ ಕೂರಿಸುತ್ತಾರೆ, ಅಂದವೇನೂ ಕುಂದಿಲ್ಲ.

ಉಳಿದೆರಡು ನಮ್ಮ ಕೈಯಲ್ಲಿವೆ. ಸಾಂಬ್ರಾದ ಕುಟುಂಬವಾಗಲಿ, ಬೆಳಗಾವಿಯ ಬಸದಿಯ ಟ್ರಸ್ಟಾಗಲಿ ಪೆಟ್ಟಿಗೆ ಮಾಡಿಸುವಾಗ ಖಾನಾಪುರದ ಕಾಡಿನ ಹಸಿಮರವೇ ಬೇಕೆಂದಿಲ್ಲ. ಹಳೆಯ ಮನೆ ಬಿಚ್ಚಿದಾಗ ದೊರೆಯುವ ಸಾಗವಾನಿ ತೊಲೆ ಚೆನ್ನಾಗಿ ಒಣಗಿರುತ್ತದೆ, ಬಾಗದು. ಮೂಲೆಗಳಲ್ಲಿ ಹಲಗೆಗಳನ್ನು ಹಲ್ಲಿಗೆ ಹಲ್ಲು ಕೂಡಿಸಿದರೆ ಪ್ರಾಣಿಜನ್ಯ ಅಂಟು ಬೇಡ. ಹೊಳಪಿಗೆ ಅಗಸೆ ಎಣ್ಣೆ ಸಾಕು.