ರೋಗದ ನೆಲೆಯನ್ನು ಅರಸಿದ ಶಾಸ್ತ್ರ

ರೋಗಿಯ ಮಾತು ಕೇಳಿ, ನಾಡಿ ನೋಡಿ, ಹೊಟ್ಟೆ ಒತ್ತಿ ವೈದ್ಯನು ಕಟ್ಟಿಕೊಳ್ಳುವ ಊಹೆ ನಿಜವೇ ಅಲ್ಲವೇ ಎಂಬುದನ್ನು ದೇಹದ ಅಂಗಗಳಲ್ಲಿ, ಅಂಗಾಂಶಗಳಲ್ಲಿ, ಜೀವಕೋಶಗಳಲ್ಲಿ, ರಕ್ತ ಮೂತ್ರಾದಿ ದ್ರವಗಳಲ್ಲಿ ಹುಡುಕಿ ತಿಳಿಯುವ ವಿದ್ಯೆಯೇ ರೋಗಶಾಸ್ತ್ರ. ಆಸ್ಪತ್ರೆಗಳಲ್ಲಿ ಇದನ್ನು ಪೆಥಾಲಜಿ ಎನ್ನುತ್ತಾರೆ. ರೋಗದ ಕಾರಣ ಯಾವುದು, ಅದು ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ, ಅದರಿಂದ ಯಾವ ಅಂಗದ ರಚನೆ ಹೇಗೆ ಕೆಡುತ್ತದೆ, ಆ ಕೆಡುಕು ಹೊರಗೆ ಯಾವ ಲಕ್ಷಣವಾಗಿ ಕಾಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗಳೆಲ್ಲ ಅದರ ವ್ಯಾಪ್ತಿಗೆ ಸೇರುತ್ತವೆ. ರೋಗವನ್ನು ಹೀಗೆ ಅಂಗಗಳಲ್ಲಿ ಹುಡುಕುವುದು ವೈದ್ಯಕೀಯದ ಮುಖ್ಯ ಪದ್ಧತಿಯಾಗಿ ನೆಲೆಗೊಂಡು ಇನ್ನೂ ಮೂರು ಶತಮಾನಗಳೂ ತುಂಬಿಲ್ಲ. ಅದಕ್ಕೆ ಮೊದಲು ಯೂರೋಪಿನ ವೈದ್ಯರು ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳ ಏರುಪೇರೇ ರೋಗವೆಂದು ನಂಬಿದ್ದರು. ಭಾರತದ ಆಯುರ್ವೇದವು ವಾತ, ಪಿತ್ತ, ಕಫಗಳ ವೈಷಮ್ಯದಿಂದ ರೋಗವನ್ನು ವಿವರಿಸುತ್ತಿತ್ತು. ಮಾಧವಕರನ ‘ಮಾಧವನಿದಾನ’ದಂಥ ಗ್ರಂಥಗಳು ರೋಗಲಕ್ಷಣಗಳನ್ನು ಬಹಳ ಸೂಕ್ಷ್ಮವಾಗಿ ವಿಂಗಡಿಸಿದ್ದು ನಿಜ. ಆದರೂ ರೋಗದ ಗುರುತನ್ನು ಸತ್ತವನ ಅಂಗದಲ್ಲಿ ಕಣ್ಣಾರೆ ಕಂಡು, ಬದುಕಿದ್ದಾಗ ಕೊಟ್ಟ ನಿರ್ಣಯಕ್ಕೆ ಹೋಲಿಸಿ ನೋಡುವ ಪದ್ಧತಿ ಈ ಎರಡು ಪರಂಪರೆಗಳಲ್ಲೂ ಬೇರೂರಿರಲಿಲ್ಲ.

ಆ ಪದ್ಧತಿಗೆ ಭದ್ರವಾದ ಬುನಾದಿ ಹಾಕಿದವನು ಇಟಲಿಯ ಪಡುವಾ ವಿಶ್ವವಿದ್ಯಾನಿಲಯದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಜಿಯೊವಾನಿ ಬಟಿಸ್ಟಾ ಮೊರ್ಗಾನ್ಯಿ. ರೋಗಗಳ ನೆಲೆ ಮತ್ತು ಕಾರಣಗಳನ್ನು ಶವಚ್ಛೇದನದ ಮೂಲಕ ಅರಸುವ ಅವನ ಬೃಹದ್ಗ್ರಂಥ 1761ರಲ್ಲಿ, ಅವನಿಗೆ ಎಂಬತ್ತರ ಅಂಚಿನ ವಯಸ್ಸಾಗಿದ್ದಾಗ, ಲ್ಯಾಟಿನ್ ಭಾಷೆಯಲ್ಲಿ ಹೊರಬಂತು. ಎಪ್ಪತ್ತು ಪತ್ರಗಳ ರೂಪದಲ್ಲಿದ್ದ ಆ ಕೃತಿಯಲ್ಲಿ ಸುಮಾರು 700 ರೋಗಿಗಳ ವೃತ್ತಾಂತಗಳಿದ್ದವು. ಪ್ರತಿ ವೃತ್ತಾಂತದಲ್ಲೂ ರೋಗಿ ಬದುಕಿದ್ದಾಗ ಪಟ್ಟ ಬಾಧೆಯನ್ನು ಮೊದಲು ಹೇಳಿ, ಸತ್ತ ಮೇಲೆ ದೇಹವನ್ನು ಕುಯ್ದಾಗ ಕಂಡದ್ದನ್ನು ಅದರ ಪಕ್ಕದಲ್ಲಿಟ್ಟು, ಎರಡಕ್ಕೂ ಇರುವ ನಂಟನ್ನು ವಿಚಾರಿಸುವುದು ಅವನ ಕ್ರಮವಾಗಿತ್ತು. ಬಲಮೈ ಪಾರ್ಶ್ವವಾಯುವಿಗೆ ತುತ್ತಾಗಿ ಸತ್ತವನ ಮೆದುಳಿನಲ್ಲಿ ಹಾನಿಯಾಗಿರುವುದು ಎಡಭಾಗದಲ್ಲಿ ಎಂಬುದನ್ನು ಅವನ ಗುರು ವಾಲ್ಸಾಲ್ವಾ ಗಮನಿಸಿದ್ದನು. ಮೊರ್ಗಾನ್ಯಿ ಅದನ್ನು ಒಂದಾದ ಮೇಲೊಂದು ಶವದಲ್ಲಿ ಪರೀಕ್ಷಿಸಿ ಖಚಿತಪಡಿಸಿದನು. ಇಂಥ ಸಂಗತಿಯನ್ನು ರಸಗಳ ಏರುಪೇರಿನಿಂದ ವಿವರಿಸುವುದು ಸಾಧ್ಯವೇ ಇರಲಿಲ್ಲ. ಇಡೀ ದೇಹಕ್ಕೆ ಹರಡಿಕೊಂಡಿದ್ದ ರೋಗಕ್ಕೆ ಹೀಗೆ ಒಂದು ವಿಳಾಸ ಸಿಕ್ಕಿತು.

ಫ್ರೆಂಚ್ ಕ್ರಾಂತಿಯ ನಂತರದ ಪ್ಯಾರಿಸ್ಸಿನ ದೊಡ್ಡ ಆಸ್ಪತ್ರೆಗಳು ಈ ಕ್ರಮವನ್ನು ದಿನನಿತ್ಯದ ರೂಢಿಯನ್ನಾಗಿ ಮಾಡಿದವು. 1802ರಲ್ಲಿ ಮೂವತ್ತರ ಹರೆಯದಲ್ಲೇ ತೀರಿಕೊಂಡ ಅಲ್ಲಿನ ವೈದ್ಯ ಕ್ಸೇವಿಯೆ ಬಿಶಾ, ಸೂಕ್ಷ್ಮದರ್ಶಕವನ್ನು ಬಳಸದೆಯೇ, ಅಂಗಗಳು ಇಪ್ಪತ್ತೊಂದು ಬಗೆಯ ಅಂಗಾಂಶಗಳಿಂದ, ಅಂದರೆ ಒಂದೇ ಜಾತಿಯ ಹೆಣಿಗೆಗಳಿಂದ, ಕಟ್ಟಲ್ಪಟ್ಟಿವೆಯೆಂದೂ ರೋಗವು ಅಂಗವನ್ನಲ್ಲ, ಅಂಗಾಂಶವನ್ನು ಹಿಡಿಯುತ್ತದೆಂದೂ ತೋರಿಸಿದನು. 1816ರಲ್ಲಿ ಅಲ್ಲಿನ ಇನ್ನೊಬ್ಬ ವೈದ್ಯ ಲೆನೆಕ್ ರೂಪಿಸಿದ ಸ್ಟೆತಾಸ್ಕೋಪಿಗೆ ಅರ್ಥ ಬಂದದ್ದೂ ಶವಾಗಾರದಿಂದಲೇ. ಎದೆಯೊಳಗಿನ ಇಂಥ ಸದ್ದಿಗೆ ಶ್ವಾಸಕೋಶದ ಇಂಥ ಕೆಡುಕು ಕಾರಣವೆಂದು ಅವನು ನಿರ್ಣಯಿಸಿದ್ದು ಅದೇ ರೋಗಿಗಳ ದೇಹಗಳನ್ನು ಮುಂದೆ ಕುಯ್ದು ನೋಡಿದ ಮೇಲೆ.

ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಈ ಶಾಸ್ತ್ರದ ಕೇಂದ್ರ ವಿಯೆನ್ನಾಕ್ಕೆ ಸರಿದಿತ್ತು. ಅಲ್ಲಿನ ಮಹಾ ಆಸ್ಪತ್ರೆಯಲ್ಲಿ ಕಾರ್ಲ್ ಫಾನ್ ರೊಕಿಟಾನ್ಸ್ಕಿ ತನ್ನ ಜೀವಮಾನದಲ್ಲಿ ಸುಮಾರು 30,000 ಶವಪರೀಕ್ಷೆಗಳನ್ನು ನಡೆಸಿದನೆಂದು ಹೇಳಲಾಗುತ್ತದೆ. ಯಾವ ಅಂಗವನ್ನೂ ಬಿಡದೆ, ಗೊತ್ತಾದ ಒಂದು ಕ್ರಮದಲ್ಲಿ ಎಲ್ಲವನ್ನೂ ನೋಡಿ ಬರೆದಿಡುವ ಅವನ ಶಿಸ್ತು ಇಂದಿನ ಶವಪರೀಕ್ಷೆಯ ಮೂಲ ಮಾದರಿಗಳಲ್ಲಿ ಒಂದು. ಆ ಮೇಜಿನ ಮೇಲೆ ಬಂದು ಮಲಗಿದ ದೇಹಗಳಲ್ಲಿ ಹೆಚ್ಚಿನವು ಬಡವರವು, ಮನೆಗೆ ವೈದ್ಯನನ್ನು ಕರೆಸಿಕೊಳ್ಳಲಾಗದೆ ಆಸ್ಪತ್ರೆಗೆ ಬಂದು ಸತ್ತವರವು ಎಂಬುದನ್ನು ವೈದ್ಯಕೀಯ ಚರಿತ್ರೆ ಎಂದೂ ಮರೆಯಬಾರದು. ಇಂದು ಎಲ್ಲರ ಪ್ರಾಣವನ್ನೂ ಕಾಯುವ ತಿಳಿವಳಿಕೆಯ ದೊಡ್ಡ ಪಾಲು ಅವರಿಂದ ಬಂದದ್ದು.

ಆ ಋಣ ಎಷ್ಟು ಕಠೋರವಾಗಿತ್ತೆಂಬುದು ಅದೇ ಆಸ್ಪತ್ರೆಯ ಹೆರಿಗೆ ವಾರ್ಡುಗಳ ಕಥೆಯಿಂದ ತಿಳಿಯುತ್ತದೆ. ಅಲ್ಲಿ ವೈದ್ಯ ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದ ಮೊದಲನೆಯ ವಿಭಾಗದಲ್ಲಿ ಬಾಣಂತಿ ಜ್ವರದಿಂದ ನೂರಕ್ಕೆ ಸುಮಾರು ಹತ್ತು ಮಂದಿ ತಾಯಂದಿರು ಸಾಯುತ್ತಿದ್ದರೆ, ಸೂಲಗಿತ್ತಿಯರಿಗೆ ತರಬೇತಿ ನೀಡುತ್ತಿದ್ದ ಎರಡನೆಯ ವಿಭಾಗದಲ್ಲಿ ಆ ಪ್ರಮಾಣ ಅರ್ಧಕ್ಕಿಂತಲೂ ಕಡಿಮೆಯಿತ್ತು. ಊರಿಗೆಲ್ಲ ಗೊತ್ತಿದ್ದ ಈ ವ್ಯತ್ಯಾಸದಿಂದಾಗಿ ಗರ್ಭಿಣಿಯರು ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. 1847ರ ಮಾರ್ಚಿನಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕನ ಬೆರಳಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಾಗಿ, ನಂಜೇರಿ ಅವನು ಸತ್ತನು. ಅವನ ಶವಪರೀಕ್ಷೆಯ ವರದಿಯನ್ನು ಓದಿದ ಹೆರಿಗೆ ವಿಭಾಗದ ಸಹಾಯಕ ವೈದ್ಯ ಇಗ್ನಾಜ್ ಸೆಮೆಲ್‌ವೈಸ್‌ಗೆ ರಕ್ತನಾಳಗಳ ಉರಿಯೂತ, ಎದೆ ಹೊಟ್ಟೆಗಳ ಒಳಪೊರೆಯಲ್ಲಿ ತುಂಬಿದ ಕೀವು ಇವೆಲ್ಲವೂ ತಾನು ದಿನವೂ ಸತ್ತ ಬಾಣಂತಿಯರಲ್ಲಿ ಕಾಣುತ್ತಿದ್ದ ಗುರುತುಗಳೇ ಎಂದು ಹೊಳೆಯಿತು. ಬೆಳಗ್ಗೆ ಶವಾಗಾರದಲ್ಲಿ ಹೆಣಗಳನ್ನು ಕುಯ್ದು, ಅಲ್ಲಿಂದ ನೇರವಾಗಿ ಹೆರಿಗೆ ಕೋಣೆಗೆ ಬಂದು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದ ವೈದ್ಯರ ಕೈಗಳೇ ನಂಜನ್ನು ಒಯ್ಯುತ್ತಿದ್ದವು. ಆ ಕೈಗಳಲ್ಲಿ ಅವನವೂ ಸೇರಿದ್ದವು. ಮೇ ತಿಂಗಳಲ್ಲಿ ಕ್ಲೋರಿನ್ ದ್ರಾವಣದಿಂದ ಕೈ ತೊಳೆಯುವುದನ್ನು ಅವನು ಕಡ್ಡಾಯ ಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಸುದ್ದಿಯೇ ಇಲ್ಲದ ಕಾಲದಲ್ಲಿ ಎರಡು ಬಗೆಯ ಶವಗಳ ಹೋಲಿಕೆಯೊಂದರಿಂದಲೇ ಈ ನಿರ್ಣಯಕ್ಕೆ ಬರಲಾಯಿತು. ಶವಪರೀಕ್ಷೆಯ ಉತ್ಸಾಹವೇ ಹರಡಿದ ಸಾವಿನ ಕಾರಣವನ್ನು ಶವಪರೀಕ್ಷೆಯೇ ಬಯಲಿಗೆಳೆದ ಈ ಪ್ರಸಂಗ, ಶಾಸ್ತ್ರವೊಂದು ತನ್ನ ತಪ್ಪಿಗೆ ತಾನೇ ಸಾಕ್ಷಿ ನುಡಿಯಬಲ್ಲದೆಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲೇ ದೊಡ್ಡ ನಿದರ್ಶನ. ಸಮಕಾಲೀನ ವೈದ್ಯರಲ್ಲಿ ಬಹುಮಂದಿ ಅದನ್ನು ಒಪ್ಪದೆ ಹೋದದ್ದು ಅಷ್ಟೇ ದೊಡ್ಡ ದುರಂತ.

ರೊಕಿಟಾನ್ಸ್ಕಿಯ ಕಣ್ಣು ಎಷ್ಟೇ ಚುರುಕಾಗಿದ್ದರೂ ಬರಿಗಣ್ಣಿಗೆ ಒಂದು ಮಿತಿಯಿತ್ತು. ಅಂಗದಲ್ಲಿ ಏನೂ ಕಾಣದಿದ್ದಾಗ ಅವನು ರಕ್ತದ ದೋಷವೇ ರೋಗಕ್ಕೆ ಕಾರಣವೆಂದು ವಾದಿಸಿ, ಹಳೆಯ ರಸಸಿದ್ಧಾಂತಕ್ಕೇ ಮರಳಿದಂತಾಗಿದ್ದನು. 1846ರಲ್ಲಿ ಬರ್ಲಿನ್ನಿನ ಇಪ್ಪತ್ತೈದರ ತರುಣ ರುಡಾಲ್ಫ್ ವಿರ್ಚೊ ಅದನ್ನು ಕಟುವಾಗಿ ಖಂಡಿಸಿದಾಗ, ಆ ಹಿರಿಯನು ತನ್ನ ಗ್ರಂಥದ ಮುಂದಿನ ಆವೃತ್ತಿಯಿಂದ ಆ ವಾದವನ್ನೇ ಕೈಬಿಟ್ಟನು. ವಿದ್ವತ್ತಿನ ಲೋಕದಲ್ಲಿ ಇಂಥ ದೊಡ್ಡತನ ಅಪರೂಪ. ವಿರ್ಚೊ 1858ರಲ್ಲಿ ಬರ್ಲಿನ್ನಿನಲ್ಲಿ ಕೊಟ್ಟ ಇಪ್ಪತ್ತು ಉಪನ್ಯಾಸಗಳು ಜೀವಕೋಶ ರೋಗಶಾಸ್ತ್ರವನ್ನು ಸ್ಥಾಪಿಸಿದವು. ಪ್ರತಿ ಕೋಶವೂ ಮತ್ತೊಂದು ಕೋಶದಿಂದಲೇ ಹುಟ್ಟುತ್ತದೆ, ಕ್ಯಾನ್ಸರಿನ ಕೋಶವೂ ದೇಹದ ಕೋಶದಿಂದಲೇ ಹುಟ್ಟಿದ್ದು, ರೋಗವೆಂದರೆ ಬದಲಾದ ಸ್ಥಿತಿಯಲ್ಲಿ ನಡೆಯುವ ಜೀವಕೋಶದ ಬದುಕು ಎಂಬುದು ಅವನ ಪ್ರತಿಪಾದನೆಯ ಸಾರ. ಕೋಶವು ಕೋಶದಿಂದಲೇ ಹುಟ್ಟುವ ವಿಚಾರದಲ್ಲಿ ವಿಜ್ಞಾನಿ ರಾಬರ್ಟ್ ರೆಮಾಕ್ ಅವನಿಗಿಂತ ಮೊದಲೇ ಮಾಡಿದ್ದ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಆಗ ಸಿಗಲಿಲ್ಲ.

ಜೀವಕೋಶವನ್ನು ಸ್ಪಷ್ಟವಾಗಿ ಕಾಣಲು ಬಣ್ಣ ಬೇಕಿತ್ತು. ಮಧ್ಯ ಅಮೆರಿಕದ ಮರವೊಂದರ ಕೆಚ್ಚಿನಿಂದ ತೆಗೆದ ಹೆಮಟಾಕ್ಸಿಲಿನ್ ಕೋಶದ ನಡುವಿನ ಬೀಜಕ್ಕೆ ನೀಲಿಯನ್ನೂ ಈಯೊಸಿನ್ ಎಂಬ ಕೃತಕ ಬಣ್ಣ ಅದರ ಸುತ್ತಣ ದ್ರವ್ಯಕ್ಕೆ ನಸುಗೆಂಪನ್ನೂ ಕೊಡುತ್ತವೆಂದು 1860–70ರ ದಶಕಗಳಲ್ಲಿ ತಿಳಿದುಬಂತು. ಇಂದಿಗೂ ರೋಗಿಯ ಗಡ್ಡೆಯಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಆಲ್ಕೋಹಾಲಿನಿಂದ ಅದರ ನೀರು ತೆಗೆದು, ಕರಗಿದ ಮೇಣದಲ್ಲಿ ಹುದುಗಿಸಿ ಅಚ್ಚು ಮಾಡಿ, ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವಾದ ಮೈಕ್ರಾನಿನ ಲೆಕ್ಕದಲ್ಲಿ ನಾಲ್ಕೈದು ಮೈಕ್ರಾನ್ ತೆಳುವಾಗಿ ಸೀಳಿ, ಗಾಜಿನ ಪಟ್ಟಿಯ ಮೇಲೆ ಹರಡಿ ಇವೇ ಎರಡು ಬಣ್ಣಗಳನ್ನು ಹಾಕುತ್ತಾರೆ. ಕೋಶದ ಬೀಜ ಊದಿಕೊಂಡು, ಅಂಕುಡೊಂಕಾಗಿ, ಗಾಢ ನೀಲಿಗಟ್ಟಿದೆಯೇ, ಕೋಶಗಳು ತಮ್ಮ ಎಲ್ಲೆ ಮೀರಿ ಪಕ್ಕದ ಅಂಗಾಂಶಕ್ಕೆ ನುಗ್ಗಿವೆಯೇ ಎಂಬುದನ್ನು ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತಾರೆ. ಬದುಕಿರುವ ರೋಗಿಯಿಂದಲೇ ಚೂರು ತೆಗೆದು ನೋಡುವ ಈ ಬಯಾಪ್ಸಿಯಿಂದ ರೋಗಶಾಸ್ತ್ರವು ಶವಾಗಾರವನ್ನು ದಾಟಿ ಚಿಕಿತ್ಸೆಗೆ ದಾರಿ ತೋರುವ ಸ್ಥಾನಕ್ಕೆ ಬಂತು. ರಕ್ತದ ಗುಂಪುಗಳನ್ನು 1901ರಲ್ಲಿ ಪ್ರಕಟಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಕೂಡ ಆಗ ವಿಯೆನ್ನಾದ ರೋಗಶಾಸ್ತ್ರ ಸಂಸ್ಥೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದವನೇ.

ಭಾರತದಲ್ಲಿ ಈ ವಿದ್ಯೆಯ ಫಲ ಬೇಗನೆ ಕಂಡದ್ದು ಜ್ವರಗಳ ಅಧ್ಯಯನದಲ್ಲಿ. ಕಾಲಾ ಅಜಾರ್ ರೋಗದ ಪರಾವಲಂಬಿ ಜೀವಿಯನ್ನು 1903ರಲ್ಲಿ ವೈದ್ಯ ಲೀಷ್‌ಮನ್, ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ತಾನು ಕಂಡದ್ದನ್ನು ಆಧರಿಸಿ ವರ್ಣಿಸಿದನು. ಅದೇ ವರ್ಷ ಮದರಾಸಿನಲ್ಲಿ ವೈದ್ಯ ಚಾರ್ಲ್ಸ್ ಡೊನೊವನ್ ಅದನ್ನು ಸತ್ತವರ ಗುಲ್ಮದಲ್ಲಷ್ಟೇ ಅಲ್ಲದೆ ಬದುಕಿದ್ದ ರೋಗಿಯ ಗುಲ್ಮಕ್ಕೆ ಸೂಜಿ ಚುಚ್ಚಿ ತೆಗೆದ ರಕ್ತದಲ್ಲೂ ತೋರಿಸಿದನು.

ಕರ್ನಾಟಕದ ಮಟ್ಟಿಗೆ ಇದೇ ಬಗೆಯ ಶೋಧ ನಡೆದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ. ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಅದರ ಬೆನ್ನಿಗೇ ಸೌದೆ ಸೊಪ್ಪಿಗೆಂದು ಕಾಡಿಗೆ ಹೋದವರು ತೀವ್ರ ಜ್ವರ, ಮೈಕೈ ನೋವು, ರಕ್ತಸ್ರಾವಗಳಿಂದ ಮಲಗಿದಾಗ, ಏಷ್ಯಾದಲ್ಲಿ ಅದುವರೆಗೆ ಕಾಣಿಸಿಕೊಂಡಿರದ ಹಳದಿ ಜ್ವರವೇ ಬಂತೇನೋ ಎಂಬ ಭಯ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಯಿಲೆ ತಗುಲಿದ ಮಂಗದಿಂದ ಹೊಸದೊಂದು ವೈರಸ್ಸನ್ನು ಬೇರ್ಪಡಿಸಿ, ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಸ್ಸಿಗೆ ಹತ್ತಿರದ್ದು ಎಂದೂ ಅದನ್ನು ಹರಡುವುದು ಕಾಡಿನ ಉಣುಗು ಎಂದೂ ಕಂಡುಕೊಂಡರು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದೇ ಹೆಸರಾದ ಈ ಜ್ವರ ಅಂದಿನಿಂದ ಇಂದಿನವರೆಗೂ ಬೇಸಿಗೆಯ ಮೊದಲಿನ ತಿಂಗಳುಗಳಲ್ಲಿ ಮರಳಿ ಮರಳಿ ಬರುತ್ತಿದೆ. ಆದುದರಿಂದಲೇ ಅಲ್ಲಿ ಮಂಗವೊಂದು ಸತ್ತುಬಿದ್ದ ಸುದ್ದಿ ಬಂದರೆ ಪಶುವೈದ್ಯರು ಕೈಗವಸು ಮುಖಗವಸು ತೊಟ್ಟು ಅದರ ಶವಪರೀಕ್ಷೆ ಮಾಡಿ ಅಂಗಾಂಶದ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆರೋಗ್ಯ ಇಲಾಖೆಯವರು ಸುತ್ತಣ ಊರುಗಳ ಜನರಿಗೆ ಕಾಡಿಗೆ ಹೋಗುವ ಮುನ್ನ ಮೈಗೆ ಉಣುಗು ಹತ್ತದಂತೆ ತೈಲ ಹಚ್ಚಿಕೊಳ್ಳಲು ತಿಳಿಸುತ್ತಾರೆ.